ಅವ್ವನ ಪರವಾಗಿ ನಾನು

ಕಮಲಾಪುರದಲ್ಲಿ ತಮ್ಮನ ಮನೆಯಲ್ಲಿದ್ದ ಅವ್ವ ಬಚ್ಚಲ ಕಲ್ಲಿನ ಮೇಲೆ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಾಗ, ಅವಳನ್ನು ಕಲಬುರಗಿಗೆ ಕರೆತಂದವಳು ನಾನೇ. ನನಗಾಗ ಅರವತ್ತೆರಡು, ಅವಳಿಗೆ ಎಂಬತ್ತೊಂದು. ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡಿ ನಿವೃತ್ತಳಾಗಿದ್ದೆ. ವೃದ್ಧಾಪ್ಯದ ಅಧ್ಯಾಯವನ್ನು ಪ್ರತಿ ವರ್ಷ ಕೇಳಿ ಪಡೆದು ಕಲಿಸುತ್ತಿದ್ದೆ. ಮುಪ್ಪು ತಾನಾಗಿ ಬರುವುದು ಅರ್ಧ, ಉಳಿದರ್ಧವನ್ನು ಸುತ್ತಲಿನವರು ಹೊರಿಸುತ್ತಾರೆ ಎಂದು ಬೋರ್ಡಿನ ಮೇಲೆ ಬರೆದು ಕೆಳಗೆ ಗೆರೆ ಎಳೆಯುತ್ತಿದ್ದೆ. ಹೊರಿಸುವವರ ಸಾಲಿನಲ್ಲಿ ನಾನೂ ಇದ್ದೇನೆಂದು ಹೊಳೆದಿರಲಿಲ್ಲ.

ದವಾಖಾನೆಯಲ್ಲಿ ಡಾಕ್ಟರು ಅವ್ವನ ಕೈ ಹಿಡಿದುಕೊಂಡು ನನ್ನ ಮುಖ ನೋಡಿದರು. "ಎಲ್ಲಿ ನೋವು ಅಂತಾರ್ರಿ ಅವರು?"

"ಮಣಿಕಟ್ಟಿನಾಗ್ರಿ," ಎಂದೆ ನಾನು.

"ಊಟ ಬರೋಬರಿ ಮಾಡ್ತಾರೇನ್ರಿ?"

"ಎಲ್ಲಿ ಮಾಡ್ತಾಳ್ರಿ, ಅರ್ಧ ರೊಟ್ಟಿ."

ಅವ್ವ ನಮ್ಮಿಬ್ಬರನ್ನೂ ನೋಡಿ, "ಕೈ ಮುರದದ, ಬಾಯಿ ಅಲ್ಲ," ಎಂದಳು. ಡಾಕ್ಟರು ನಕ್ಕರು. ನಾನೂ ನಕ್ಕೆ. ಪ್ಲಾಸ್ಟರ್ ಹಾಕುವವರೆಗೂ ಅವಳನ್ನು ಯಾರೂ ಮತ್ತೇನೂ ಕೇಳಲಿಲ್ಲ.

ಜೇವರ್ಗಿ ಕಾಲೋನಿಯ ನನ್ನ ಮನೆಯಲ್ಲಿ ಅವಳಿಗೆ ಯಾವ ಕೊರತೆಯೂ ಇರಲಿಲ್ಲ. ಕೆಲಸ ಒಂದನ್ನು ಬಿಟ್ಟು. ಎಡಗೈಯಿಂದ ತೊಗರಿಬೇಳೆ ಹಸನು ಮಾಡಲು ಕೂತರೆ ಮೊರ ಕಸಿದುಕೊಳ್ಳುತ್ತಿದ್ದೆ. ಗೇಟಿನ ತನಕ ಹೋದರೆ ಕೂಗುತ್ತಿದ್ದೆ. "ಸುಮ್ನ ಕೂಡಬೇ ಅವ್ವ, ಆರಾಮ ತಗೋ." ದಿನಕ್ಕೆ ಎಷ್ಟು ಸಲ ಹೇಳಿದೆನೋ! ಅವಳೂ ಕಡಿಮೆಯವಳಲ್ಲ. ಮಾತ್ರೆಗಳನ್ನು ಹಾಸಿಗೆಯ ಕೆಳಗೆ ತುರುಕುತ್ತಿದ್ದಳು. ಕೇಳಿದರೆ, "ನುಂಗೀನಿ," ಎಂದು ಕಣ್ಣಲ್ಲಿ ಕಣ್ಣಿಟ್ಟು ಸುಳ್ಳು ಹೇಳುತ್ತಿದ್ದಳು. ಎರಡು ವಾರದಲ್ಲಿ ನನಗೆ ತಲೆ ಚಿಟ್ಟು ಹಿಡಿಯಿತು.

ಆಗಲೇ ನಮ್ಮ ಬಡಾವಣೆಯವರು ಹಿರಿಯರಿಗೆ ಸನ್ಮಾನ ಇಟ್ಟುಕೊಂಡರು. ಭಾಷಣಕ್ಕೆ ನಾನು, ಶಾಲಿಗೆ ಅವ್ವ. ಹನ್ನೊಂದು ಮಂದಿ ಮುದುಕರನ್ನು ವೇದಿಕೆ ಹತ್ತಿಸಿ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಸಾಲಾಗಿ ಕೂಡಿಸಿ, ಶಾಲು ಹೊದಿಸಿ, ಫೋಟೋ ತೆಗೆದರು. ಆಮೇಲೆ ಮೈಕು ನನಗೆ ಕೊಟ್ಟರು. ಹಿರಿಯರ ಅನುಭವಕ್ಕೆ ಸಮಾಜ ಕಿವಿಗೊಡಬೇಕು ಎಂದು ಮುಕ್ಕಾಲು ತಾಸು ಮಾತಾಡಿದೆ. ನಡುವೆ ಅವ್ವ ಎಡಗೈ ಎತ್ತಿದ್ದನ್ನು ಕಂಡೆ. ಕೈಸನ್ನೆಯಿಂದಲೇ ಸುಮ್ಮನಿರು ಎಂದೆ.

ಮನೆಗೆ ಬಂದ ಮೇಲೆ ಕೇಳಿದೆ, "ಏನ್ ಹೇಳಬೇಕಂತ ಕೈ ಎತ್ತಿದ್ದೆಬೇ?"

"ಬಾಜು ಕುಂತ ಆಯಿಗಿ ಒಂದಕ್ಕ ಅವಸರ ಆಗಿತ್ತು. ಪಾಪ, ಮೆಟ್ಟಿಲ ಇಳ್ಯಾಕ ಬರಲಾರದಕ್ಕ ಒದ್ದಾಡ್ಲಾಕತ್ತಿದ್ಳು. ನಿನ್ನ ಮಾತ್ ಮುಗೀವಲ್ದಾಗಿತ್ತು."

ನನಗೆ ಸಿಟ್ಟು ಬಂತು. ಯಾರ ಮೇಲೆಂದು ಕೇಳಿದರೆ ಹೇಳಲಾರೆ.

ಮರುದಿನ ಬೆಳಿಗ್ಗೆ ಕಾಯಿಪಲ್ಲೆ ತರಲು ಹೋಗಿ ಬಂದು ನೋಡಿದರೆ ಅವ್ವ ಇಲ್ಲ. ಚಪ್ಪಲಿ ಇಲ್ಲ, ಕೈಚೀಲ ಇಲ್ಲ. ಅಕ್ಕಪಕ್ಕದ ಮನೆ, ಗುಡಿ, ಕ್ಲಿನಿಕ್ಕು ಎಲ್ಲ ಹುಡುಕಿದೆ. ಎದುರುಮನೆಯವರು ಕೇಳಿದರು, "ಮರವು ಅದ ಏನ್ರಿ ಅವರಿಗಿ?" ಇಲ್ಲ ಎಂದು ಮನೆಗೆ ಓಡಿ ಬಂದೆ. ಪೊಲೀಸರಿಗೆ ತೋರಿಸಲು ಹಿಂದಿನ ದಿನದ ಸನ್ಮಾನದ ಫೋಟೋ ಹುಡುಕಿಟ್ಟುಕೊಂಡೆ. ಕೊನೆಗೆ ಎದೆ ಗಟ್ಟಿ ಮಾಡಿಕೊಂಡು ತಮ್ಮನಿಗೆ ಫೋನು ಹಚ್ಚಿದೆ.

"ಅವ್ವ? ಈಗ ಬಂದಾಳಲ್ಲ," ಎಂದ ಅವನು. "ನೀನೇ ಬಸ್ಸಿನಾಗ ಕೂಡಿಸಿ ಕಳ್ಸೀದಿ ಅಂದ್ಳು. ಯಾಕಕ್ಕ?"

ಫೋನು ಇಟ್ಟು ಅತ್ತೆ. ಆಮೇಲೆ ಹಲ್ಲು ಕಡಿಯುತ್ತ ಬಸ್ಸು ಹತ್ತಿದೆ.

ಕಮಲಾಪುರದಲ್ಲಿ ಅವಳು ಮನೆಯಲ್ಲೂ ಇರಲಿಲ್ಲ, ತೋಟದಲ್ಲಿದ್ದಳು. ನಮ್ಮೂರಿನ ಕೆಂಪು ಬಾಳೆಗೆ ಹೆಸರಿದೆ. ಹೊಸದಾಗಿ ನೆಡುವವರು ತಾಯಿಗಿಡದ ಬುಡದಿಂದ ಯಾವ ಮರಿ ಕೀಳಬೇಕೆಂದು ಅವ್ವನನ್ನೇ ಕೇಳಲು ಬರುತ್ತಾರೆ. ಅಂದು ಪಕ್ಕದ ಹಳ್ಳಿಯಿಂದ ಗಂಡ ಹೆಂಡತಿ ಬಂದಿದ್ದರು. ಅವ್ವ ಪ್ಲಾಸ್ಟರಿನ ಕೈಯನ್ನು ಎದೆಗವಚಿಕೊಂಡು ಎಡಗೈಯಿಂದ ತೋರಿಸುತ್ತಿದ್ದಳು. "ಅಗಲ ಎಲಿದು ಬ್ಯಾಡ್ರಿ, ನೋಡ್ಲಿಕ್ಕಷ್ಟೇ ಚಂದ. ಕತ್ತಿ ಹಂಗ ಸಣ್ಣ ಎಲಿ ಅದ ನೋಡು, ಅದು ತಗಿ. ಬುಡಕ ಪೆಟ್ಟ ಹತ್ತಬಾರದು." ಆ ಹೆಂಗಸು ಬಗ್ಗಿ ಅಗೆಯುತ್ತಿದ್ದಳು. ಗಂಡ, "ಇದೇನ್ರಿ ಆಯಿ, ಇದು ನಡೀತದೇನ್ರಿ?" ಎಂದು ಒಂದೊಂದನ್ನೂ ಎತ್ತಿ ತೋರಿಸುತ್ತಿದ್ದ.

ಅವರ ಎದುರಿಗೇ ಕೂಗಾಡಿದೆ. "ಒಂದು ಮಾತ್ ಹೇಳಿ ಬರಾಕ ಆಗಲಿಲ್ಲೇನ್ ನಿನಗ? ನಾ ಎಷ್ಟ್ ಅಂಜಿದ್ದೆ ಗೊತ್ತದ ಏನು?"

"ಹೇಳಿದ್ರ ಬಿಡ್ತಿದ್ದೆ?"

"ಇಲ್ಲ."

"ಮತ್ತ?"

ತನ್ನ ತಪ್ಪಿಲ್ಲವೆಂಬ ಆ ಮುಖ ನೋಡಿ ಮೈ ಉರಿಯಿತು. ಅಂಜಿಸಿದ್ದು ತಪ್ಪು ಎಂದು ಅವಳು ಇವತ್ತಿನವರೆಗೂ ಒಪ್ಪಿಲ್ಲ. ಆದರೆ ಹದಿನೈದು ದಿನ ನನ್ನ ಮನೆಯಲ್ಲಿ ಅವಳು ಹೀಗೆ ಬೆನ್ನು ನೆಟ್ಟಗೆ ಮಾಡಿ ನಿಂತದ್ದನ್ನು ನಾನು ಕಂಡಿರಲಿಲ್ಲ, ಅದೂ ನಿಜ.

ಸಂಜೆ ತಮ್ಮನ ಹೆಂಡತಿ ಚಹಾ ಕೊಡುತ್ತ ನಡುವೆ ಬಿದ್ದಳು. ಪ್ಲಾಸ್ಟರ್ ತೆಗೆಸಲು ಅವ್ವ ಕಲಬುರಗಿಗೆ ಬರಬೇಕು, ಮಿಕ್ಕ ದಿನ ಇಲ್ಲೇ ಇರಬೇಕು, ಪ್ರತಿ ಶನಿವಾರ ನಾನೇ ಇಲ್ಲಿಗೆ ಬರಬೇಕು ಎಂದು ತೀರ್ಮಾನವಾಯಿತು. ಅವ್ವ ಒಂದೇ ಷರತ್ತು ಹಾಕಿದಳು, "ಬಂದ್ರ ಭಾಷಣ ಮಾಡಬಾರದು."

ಕೈ ಕೂಡಿದೆ, ತುಸು ಸೊಟ್ಟಗೆ. ಬೆರಳಿನ ವ್ಯಾಯಾಮ ಮಾಡು ಎಂದರೆ ಹಿಟ್ಟು ನಾದುತ್ತೇನಲ್ಲ ಎನ್ನುತ್ತಾಳೆ. ಬಚ್ಚಲಿಗೆ ಹಿಡಿಕೆ ಹಾಕಿಸಲು ತಮ್ಮನಿಗೆ ಹೇಳಿ ಹೇಳಿ ಸಾಕಾಗಿದೆ. ಹೋದ ಶನಿವಾರ ನಾನೇ ಗೌಂಡಿಯನ್ನು ಕರೆಸಿದೆ. ಎಷ್ಟು ಎತ್ತರಕ್ಕೆ ಹಾಕಲಿ ಎಂದು ಅವನು ನನ್ನನ್ನು ಕೇಳಿದ. ನನಗೇನು ಗೊತ್ತು? ಒಳಗಿದ್ದ ಅವ್ವನನ್ನು ಕರೆದೆ. ಬಂದವಳು ಅವನ ಕೈಯಿಂದ ಸುಣ್ಣದ ತುಂಡು ಇಸಿದುಕೊಂಡು, ಒಮ್ಮೆ ಕೂತು, ಒಮ್ಮೆ ಎದ್ದು, ಗೋಡೆಯ ಮೇಲೆ ಗುರುತು ಹಾಕಿದಳು.