ಏಳು ಗಂಟೆಗೆ ಶುರುವಾದ ನೋವು

ನಾನು ಹುಟ್ಟುವಾಗ ತಲೆಗಿಂತ ಮೊದಲು ಕಾಲು ಹೊರಗೆ ಬಂದಿತಂತೆ. ಅಮ್ಮ ಸಾಯುವುದೊಂದು ಬಾಕಿ. ಊರಿಗೆ ಮಾತ್ರ ಲಾಭವಾಯಿತು. ನಮ್ಮ ಕಡೆ ಸೊಂಟವೋ ಬೆನ್ನೋ ಉಳುಕಿದರೆ, ಕಾಲು ಮುಂದಾಗಿ ಹುಟ್ಟಿದವರಿಂದ ಆ ಜಾಗಕ್ಕೆ ಮೂರು ಸಲ ಕಾಲು ತಾಗಿಸಿಕೊಳ್ಳುತ್ತಾರೆ. ಕೊಪ್ಪದ ಹತ್ತಿರದ ಜಯಪುರದಲ್ಲಿ ನನ್ನದೊಂದು ಹೊಲಿಗೆ ಅಂಗಡಿಯಿತ್ತು. ಬ್ಲೌಸಿನ ಅಳತೆ ಕೊಡಲು ಬರುವವರಷ್ಟೇ ಜನ ಬೆನ್ನು ಹಿಡಿದುಕೊಂಡೂ ಬರುತ್ತಿದ್ದರು. ದಿನವಿಡೀ ಮೆಷಿನ್ ತುಳಿಯುವ ಕಾಲಿನ ಎದುರು ಊರಿನ ದೊಡ್ಡ ಮನುಷ್ಯರು ಚಾಪೆಯ ಮೇಲೆ ಕವುಚಿ ಮಲಗುವುದನ್ನು ನೋಡಿ ನನಗೆ ಒಳಗೊಳಗೇ ಖುಷಿ. ಮದುವೆಯಾಗದೆ ತಮ್ಮನ ಸಂಸಾರದಲ್ಲಿ ಉಳಿದುಕೊಂಡವಳಿಗೆ ಬೇರೆ ಯಾವ ಮರ್ಯಾದೆ ಇತ್ತು?

ಅರವತ್ತು ದಾಟಿದವರಿಗೆ ಮಾತ್ರ ನಾನು ಕಾಲು ತಾಗಿಸುತ್ತಿರಲಿಲ್ಲ. ಒಮ್ಮೆ ಪಕ್ಕದ ನಾರ್ವೆ ಊರಿನ ಅಜ್ಜ ಒಬ್ಬರು ಬಂದಾಗ, "ಈ ಪ್ರಾಯದಲ್ಲಿ ಬೆನ್ನು ನೋವು ಅಂದ್ರೆ ಹಾರ್ಟಿಂದೂ ಇರ್ಬಹುದು, ಕೊಪ್ಪಕ್ಕೆ ಹೋಗಿ ತೋರ್ಸಿ" ಎಂದು ಬಸ್ಸು ಹತ್ತಿಸಿದ್ದೆ. ಬರೀ ಗ್ಯಾಸ್ ಎಂದು ಗೊತ್ತಾಗಿ ಅಜ್ಜ ನನ್ನನ್ನು ಬೈದುಕೊಂಡೇ ವಾಪಸು ಬಂದರು. ನಾನು ಮಾತ್ರ ನನ್ನ ಬುದ್ಧಿವಂತಿಕೆಗೆ ಬೀಗಿದೆ. ಮುದುಕರಿಗಾದರೆ ಕಾಯಿಲೆ, ಪ್ರಾಯದವರಿಗಾದರೆ ಉಳುಕು. ನನ್ನ ವೈದ್ಯಶಾಸ್ತ್ರ ಇಷ್ಟೇ ಇತ್ತು.

ತಮ್ಮನಿಗೆ ಆಗ ಮೂವತ್ತೊಂದು. ನೀರಿನ ಪಂಪು ರಿಪೇರಿ ಅವನ ಕೆಲಸ. ಬಾಗಿಲಲ್ಲಿ ತಲೆ ಬಗ್ಗಿಸಿಯೇ ಬರಬೇಕು, ಅಷ್ಟು ಎತ್ತರ. ಕೈ ಉದ್ದ, ಬೆರಳು ಇನ್ನೂ ಉದ್ದ. ಆ ವಾರ ಅವನ ಹೆಂಡತಿ ಮಗುವನ್ನು ಕರೆದುಕೊಂಡು ಕಡಹಿನಬೈಲಿನ ತವರಿಗೆ ಹೋಗಿದ್ದಳು. ಬೆಳಿಗ್ಗೆ ಏಳು ಗಂಟೆಗೆ ಅಂಗಳದಲ್ಲಿ ಒಂದು ಪಂಪು ಎತ್ತಿದವನು ಅಲ್ಲೇ ಕೂತುಬಿಟ್ಟ. ಮೈಯೆಲ್ಲ ಬೆವರು.

"ಬೆನ್ನೊಳಗೆ ಎಂತದೋ ಹರಿದ ಹಾಗಾಯ್ತಕ್ಕ. ಎದೆಗೂ ಬಂತು. ಕೊಪ್ಪಕ್ಕೆ ಹೋಗಿ ತೋರ್ಸಿ ಬರ್ಲಾ?"

ನೆರೆಮನೆಯ ಇಬ್ಬರು ಹೆಂಗಸರು ಬೇಲಿಯ ಹತ್ತಿರವೇ ನಿಂತಿದ್ದರು. ಊರೆಲ್ಲ ನನ್ನ ಹತ್ತಿರ ಬರುವಾಗ ಸ್ವಂತ ತಮ್ಮ ಉಳುಕಿಗೆ ಆಸ್ಪತ್ರೆಗೆ ಹೋದರೆ ನನ್ನ ಮಾನ ಏನಾಗಬೇಕು! "ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗಾಯ್ತು ನಿನ್ನ ಕತೆ. ಈ ಪ್ರಾಯದಲ್ಲಿ ನಿಂಗೆಂತ ಆಗ್ತದೆ ಮಾರಾಯ? ಮಲ್ಕೋ" ಎಂದೆ. ಅವನು ಮಲಗಿದ. ಮೂರು ಸಲ ಕಾಲು ತಾಗಿಸಿದೆ. ನೋಡುವವರು ಇದ್ದರಲ್ಲ, ಸ್ವಲ್ಪ ಜೋರಾಗಿಯೇ ಒತ್ತಿದೆ.

ಸ್ವಲ್ಪ ಹೊತ್ತಿಗೆ ನೋವು ಕಡಿಮೆಯಾಯಿತು ಎಂದ. ಅಂಗಡಿಗೆ ಬಂದವರಿಗೆಲ್ಲ ಅದನ್ನು ಹೇಳಿಕೊಂಡೆ. ಅವನು ಊಟ ಬೇಡ ಎಂದು ಒಳಗೆ ಮಲಗಿಯೇ ಇದ್ದ. ಹನ್ನೆರಡೂವರೆಗೆ ಬಚ್ಚಲಿಗೆ ಹೊರಟವನು ದಡಕ್ಕನೆ ಬಿದ್ದ.

ಜೀಪಿನಲ್ಲಿ ಕೊಪ್ಪಕ್ಕೆ ಒಯ್ದೆವು. ಡಾಕ್ಟರು ಎರಡೂ ಕೈಯ ಬಿಪಿ ನೋಡಿದರು, ಮತ್ತೊಮ್ಮೆ ನೋಡಿದರು. "ನೋವು ಯಾವಾಗ ಶುರುವಾಯ್ತು?"

"ಹನ್ನೆರಡೂವರೆಗೆ" ಎಂದೆ.

ಯೋಚಿಸಿ ಹೇಳಿದ ಸುಳ್ಳಲ್ಲ, ಬಾಯಿಗೆ ತಾನಾಗಿ ಬಂದದ್ದು. ಬೆಳಿಗ್ಗೆ ಏಳಕ್ಕೆ ಎಂದರೆ ಅಲ್ಲಿಂದ ಏನು ಮಾಡುತ್ತಿದ್ದಿರಿ ಎಂದು ಕೇಳುತ್ತಾರೆ. ಕಾಲು ತಾಗಿಸುತ್ತಿದ್ದೆ ಎನ್ನಬೇಕಾಗುತ್ತದೆ. ತಮ್ಮ ಕಣ್ಣು ತೆರೆದು ನನ್ನನ್ನೇ ನೋಡಿದ. ಆಮೇಲೆ ಡಾಕ್ಟರ ಕಡೆ ತಿರುಗಿ, "ಹೌದು, ಆಗ್ಲೇ" ಎಂದ. ನನ್ನ ಮಾನ ಉಳಿಸುವುದಕ್ಕೆ ಆ ಉಸಿರಿನಲ್ಲೂ ಅವನಿಗೆ ಆಯಿತು.

ಆಂಬುಲೆನ್ಸು ಆಗುಂಬೆ ಘಾಟಿ ಇಳಿಯಿತು. ಕೆಳಗಿನ ದೊಡ್ಡ ಆಸ್ಪತ್ರೆಯ ಡಾಕ್ಟರು ಸ್ಕ್ಯಾನ್ ನೋಡಿ, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ ಒಳಪದರ ಹರಿದಿದೆ, ಕೂಡಲೇ ಆಪರೇಷನ್ ಆಗಬೇಕು ಎಂದರು.

"ಇದು ಮುದುಕರಿಗೆ ಬರೋದಲ್ವಾ ಡಾಕ್ಟ್ರೇ?" ಎಂದು ಕೇಳಿದೆ.

ಅವರಿಗೇ ಹೆಚ್ಚು, ಬಿಪಿ ಇರುವುದರಿಂದ. ಅವರ ದೇಹ ಆಪರೇಷನ್ ತಡೆದುಕೊಳ್ಳುವುದೂ ಕಷ್ಟ ಎಂದರು. ಆದರೆ ಕೆಲವರಿಗೆ ಹುಟ್ಟಿನಿಂದಲೇ ನಾಳದ ಗೋಡೆ ಸಡಿಲ ಇರುತ್ತದಂತೆ. ಈ ಎತ್ತರ, ಈ ಉದ್ದ ಬೆರಳು ನೋಡಿದರೆ ಇವನಿಗೂ ಹಾಗೇ ಇರಬಹುದಂತೆ. "ಹೃದಯದ ಹತ್ರವೇ ಹರಿದ್ರೆ ಪ್ರಾಯ ನೋಡ್ಕೊಂಡು ಕಾಯೋದಿಲ್ಲಮ್ಮ. ಗಂಟೆ ಗಂಟೆಗೂ ಅಪಾಯ ಜಾಸ್ತಿ. ಪ್ರಾಯದವರಲ್ಲಿ ಯಾರಿಗೂ ಅನುಮಾನವೇ ಬರೋದಿಲ್ಲ, ಅದೇ ತೊಂದರೆ. ನೀವು ಬೇಗ ಕರ್ಕೊಂಡು ಬಂದ್ರಿ, ಒಳ್ಳೇದು ಮಾಡಿದ್ರಿ."

ನನ್ನನ್ನು ಹೊಗಳಿದರು! ನಿಂತಲ್ಲೇ ಕುಸಿಯಬೇಕಿತ್ತು ನಾನು. ಬದಲಿಗೆ ಕೈ ಮುಗಿದೆ. ನನ್ನ ಕಾಲಿನ ಒತ್ತಡಕ್ಕೆ ಹರಿದದ್ದು ಇನ್ನಷ್ಟು ಹರಿಯಿತೇ ಎಂದು ಕೇಳುವ ಆಸೆ ಗಂಟಲವರೆಗೆ ಬಂತು. ಕೇಳಬೇಕಾದರೆ ಬೆಳಗಿನದ್ದೆಲ್ಲ ಹೇಳಬೇಕು. ಕೇಳಲಿಲ್ಲ.

ಆಪರೇಷನ್ ಟೇಬಲ್ಲಿಗೆ ಹಾಕುವ ಮೊದಲೇ ಅವನು ಹೋದ. ಬೆಳಿಗ್ಗೆಯೇ ಹೊರಟಿದ್ದರೆ ಉಳಿಯುತ್ತಿದ್ದನೋ ಇಲ್ಲವೋ ಗೊತ್ತಿಲ್ಲ. ಐದೂವರೆ ಗಂಟೆ ಅವನಿಗೆ ಸೇರಿದ್ದಾಗಿತ್ತು, ನಾನು ಇಟ್ಟುಕೊಂಡೆ. ಅಷ್ಟು ಗೊತ್ತು.

ಬೇಲಿಯಾಚೆಯ ಆ ಇಬ್ಬರು ಹೆಂಗಸರಾಗಲಿ, ಅವತ್ತು ಅಂಗಡಿಗೆ ಬಂದವರಾಗಲಿ ಬಾಯಿ ಬಿಡಲಿಲ್ಲ. ಅವರಿಗೂ ಅವತ್ತು ನನ್ನ ಕಾಲಿನ ಮೇಲೆ ನಂಬಿಕೆಯಿತ್ತು, ಅದಕ್ಕಿರಬಹುದು. ಹದಿಮೂರನೆಯ ದಿನ ಊಟಕ್ಕೆ ಬಂದ ಶೃಂಗೇರಿಯ ಸೋದರಮಾವ, "ಇನ್ನೊಂಚೂರು ಬೇಗ ಕರ್ಕೊಂಡು ಹೋಗಿದ್ರೆ..." ಎಂದು ರಾಗ ತೆಗೆದರು. ತಮ್ಮನ ಹೆಂಡತಿ ಬಡಿಸುತ್ತಿದ್ದ ಪಾತ್ರೆ ಕೆಳಗಿಟ್ಟಳು.

"ಅತ್ತಿಗೆ ಒಂದು ನಿಮಿಷನೂ ತಡ ಮಾಡ್ಲಿಲ್ಲ. ಡಾಕ್ಟ್ರೇ ಹೇಳಿದ್ದಾರೆ. ಅವರನ್ನ ಯಾರೂ ಎಂತದೂ ಕೇಳ್ಬೇಡಿ."

ನನಗೆ ಅಳು ತಡೆಯಲಾಗಲಿಲ್ಲ. ಅವಳು ಬಂದು ಪಕ್ಕದಲ್ಲಿ ಕೂತು, ನನ್ನ ತಲೆಯನ್ನು ಹೆಗಲಿಗೆ ಆನಿಸಿಕೊಂಡು, ಎಲ್ಲರ ಊಟ ಮುಗಿಯುವವರೆಗೂ ನನ್ನನ್ನು ಸಮಾಧಾನ ಮಾಡಿದಳು.