ಪೈಸಾರಿ ಅಂತ ಬರೆದ ಹೊಳೆದಂಡೆ

ನಮ್ಮ ಓವರ್ಸಿಯರರ ಎಡಗಾಲಿನ ಹೆಬ್ಬೆರಳಿಗೆ ಉಗುರೇ ಇರಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು, ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ ದಿನವಿಡೀ ಕಲ್ಲುದಂಡೆಯಲ್ಲಿ ಓಡಾಡುವವರಿಗೆ ಉಗುರು ಹೇಗೆ ಉಳಿದೀತು? ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ಕುಶಾಲನಗರದ ಕಾವೇರಿ ದಂಡೆಯಲ್ಲಿ ಊರವರಿಗೊಂದು ಪಾರ್ಕು ಮಾಡಬೇಕೆಂದು ಮಡಿಕೇರಿಯಿಂದ ಆದೇಶ ಬಂದಿತ್ತು. ಅವರು ಅಳೆಯುವವರು, ನಾನು ನಕ್ಷೆ ಬರೆಯುವವನು.

ಅವರ ಕೆಲಸದ ರೀತಿಯೇ ಬೇರೆ. ಸಂಜೆ ದಂಡೆಯ ಮೇಲೆ ಒಲೆಬೂದಿ ಚೆಲ್ಲಿ ಬರುವರು. ಬೆಳಿಗ್ಗೆ ಅದರಲ್ಲಿ ಮೂಡಿದ ಹೆಜ್ಜೆ ನೋಡಿ ಗೂಟ ಹೊಡೆಸುವರು. "ದಾರಿ ನಾವು ಮಾಡೋದಲ್ಲ ಮಾರಾಯ, ನಡೆಯೋ ಜನ ಆಗ್ಲೇ ಮಾಡಿಟ್ಟಿದ್ದಾರೆ" ಎನ್ನುತ್ತಿದ್ದರು. ನನಗೋ ನಗು. ಅವರಿಗೆ 'ಬೂದಿ ಸಾಹೇಬರು' ಎಂದು ಅಡ್ಡಹೆಸರಿಟ್ಟ ಪುಣ್ಯಾತ್ಮ ನಾನೇ.

ನಕ್ಷೆಯಲ್ಲಿ ಪಾರ್ಕಿನ ಕೆಳಗಿನ ದಂಡೆ ಖಾಲಿ ಕಂಡಿತು. ಅಂದವಾಗಿ 'ಪೈಸಾರಿ' ಎಂದು ಬರೆದುಬಿಟ್ಟೆ. ಯಾರ ಹೆಸರಿನಲ್ಲೂ ಇಲ್ಲದ ಸರ್ಕಾರಿ ಜಾಗಕ್ಕೆ ನಮ್ಮಲ್ಲಿ ಹಾಗೇ ಹೇಳುವುದು. ನನ್ನನ್ನು ನಂಬಿ ಅವರು ರುಜು ಹಾಕಿದರು. ಎರಡೇ ವಾರದಲ್ಲಿ ಮರದ ವ್ಯಾಪಾರಿಯೊಬ್ಬರು ಡಿಪೋಗೆಂದು ಆ ಜಾಗಕ್ಕೆ ಅರ್ಜಿ ಕೊಟ್ಟರು. ಪೈಸಾರಿ ತಾನೇ, ಕೇಳಿದರೆ ತಪ್ಪೇನು? ಆದರೆ ನೀರಿಗೆ, ಬಟ್ಟೆಗೆ, ಸತ್ತವರ ಕಾರ್ಯಕ್ಕೆ ಊರೆಲ್ಲ ಹೊಳೆಗೆ ಇಳಿಯುತ್ತಿದ್ದುದು ಅಲ್ಲೇ. ಕೊಡ ಹಿಡಿದ ಹೆಂಗಸೊಬ್ಬರು ಆಫೀಸಿನ ಬಾಗಿಲಿಗೇ ಬಂದರು. "ಬೇಲಿ ಹಾಕ್ತಾರಂತಲ್ಲ ಸ್ವಾಮಿ, ನಾವೆಲ್ಲಿ ಇಳಿಯೋದು?"

ಓವರ್ಸಿಯರರು ನಕ್ಷೆ ಬಿಡಿಸಿ ನೋಡಿದರು. "ಎಲ್ಲರದ್ದನ್ನ ಯಾರದ್ದೂ ಅಲ್ಲ ಅಂತ ಬರ್ದಿದ್ದೀಯಲ್ಲೋ!" ಅಷ್ಟೇ ಬೈದದ್ದು.

ಮರುದಿನ ಇಬ್ಬರೂ ಬಸ್ಸು ಹತ್ತಿ ಮಡಿಕೇರಿಗೆ ಹೋದೆವು. ದೊಡ್ಡ ಸಾಹೇಬರೆದುರು ಓವರ್ಸಿಯರರು ಕೈಕಟ್ಟಿ ನಿಂತು, "ತಪ್ಪು ನನ್ನದು ಸಾರ್, ದಾರಿ ಬಿಟ್ಟುಹೋಗಿದೆ" ಎಂದರು. ನಾನು ಬಾಯಿ ತೆರೆಯಲು ಹೋದರೆ ಮೆಲ್ಲಗೆ ಕಾಲು ತುಳಿದರು. ಚೆನ್ನಾಗಿ ಬೈಸಿಕೊಂಡರು. ಬರಬೇಕಿದ್ದ ಬಡ್ತಿಯೂ ತಪ್ಪಿತು. ಆದರೆ ಅರ್ಜಿ ವಜಾ ಆಯಿತು. 'ಪೈಸಾರಿ'ಯನ್ನು ಹೊಡೆದುಹಾಕಿ 'ಸಾರ್ವಜನಿಕ ದಾರಿ' ಎಂದು ಬರೆಯಲು ಕೂತೆ. ಅವರು ಪಕ್ಕದಲ್ಲಿ ನಿಂತು, "ಅಕ್ಷರ ದಪ್ಪಕ್ಕಿರಲಿ" ಎಂದರು.

ಕೊಡಗು ಮೈಸೂರಿಗೆ ಸೇರುವ ಮೊದಲೇ ಅವರು ತೀರಿಕೊಂಡರು. ಪಾರ್ಕಿನ ಗಿಡಗಳು ಆಗಿನ್ನೂ ಮೊಣಕಾಲೆತ್ತರ. ಅವರ ಮಗ ಬೂದಿಯ ಮಡಕೆ ಹಿಡಿದು ಅದೇ ದಾರಿಯಲ್ಲಿ ಹೊಳೆಗೆ ಇಳಿದ. ಹಿಂದೆ ನಾನು. ಕೊಡ ಹೊತ್ತು ಎದುರು ಬರುತ್ತಿದ್ದ ಯಾರೋ ಹೆಂಗಸೊಬ್ಬಳು ಬದಿಗೆ ಸರಿದು ನಿಂತಳು. ನಾವು ಅನುಮಾನಿಸಿದ್ದು ಕಂಡು, "ಹೋಗಿ ಸ್ವಾಮಿ, ದಾರಿ ಎಲ್ಲರದ್ದಲ್ವಾ" ಎಂದಳು.

ಮಡಕೆಯಲ್ಲಿರುವವರು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ನಾನು ಅಲ್ಲೇ ಕುಕ್ಕರಿಸಿ ಕೂತು ಅತ್ತುಬಿಟ್ಟೆ.