ಸೊಪ್ಪು ಬಿಟ್ಟ ಗುಲಾಬಿ

2015ರಲ್ಲಿ ನಾನು ಕುಂದಾಪುರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹಿರಿಯ ಕ್ಲಿನಿಕಲ್ ಫಾರ್ಮಸಿಸ್ಟ್ ಆಗಿದ್ದೆ. ಔಷಧಿ ಅಂಗಡಿಯ ಕೌಂಟರಿನಲ್ಲಿ ವರ್ಷಗಟ್ಟಲೆ ನಿಂತು, 1997ರಲ್ಲಿ ತಡವಾಗಿ ಎಂ.ಫಾರ್ಮ್ ಸೇರಿ, ಫಾರ್ಮಸಿ ಪ್ರಾಕ್ಟೀಸ್ ಎಂಬ ಆಗಿನ ಹೊಸ ವಿಷಯ ಓದಿ ಬಂದವನು ನಾನು. ರೋಗಿ ಯಾವ ಔಷಧಿಯನ್ನು ಹೇಗೆ ತೆಗೆದುಕೊಳ್ಳುತ್ತಿದ್ದಾನೆ, ಅದು ಅವನ ದೇಹಕ್ಕೆ, ಊಟಕ್ಕೆ, ಬೇರೆ ಔಷಧಿಗಳಿಗೆ ಹೊಂದುತ್ತದೆಯೇ ಎಂದು ವೈದ್ಯರ ಜೊತೆ ಕುಳಿತು ನೋಡುವುದು ಈ ವಿಷಯದ ತಿರುಳು. ಪುಸ್ತಕದಲ್ಲಿ ಹಾಗಿತ್ತು. ನಾನು ಮಾತ್ರ ಅಷ್ಟೂ ವರ್ಷ ವೈದ್ಯರ ಜೊತೆ ಕುಳಿತದ್ದಕ್ಕಿಂತ ಅವರ ಬಾಗಿಲ ಹೊರಗೆ ನಿಂತದ್ದೇ ಹೆಚ್ಚು. ನನ್ನ ಕಾಲು ನೋವು ಶುರುವಾಗಿದ್ದು ಅಲ್ಲಿಯೇ ಎಂದು ಮನೆಯಲ್ಲಿ ತಮಾಷೆ ಮಾಡುತ್ತಿದ್ದರು.

ಆ ವರ್ಷ ಆಸ್ಪತ್ರೆಯ ಆಡಳಿತ ನನ್ನ ಹಳೆಯ ಬೇಡಿಕೆಯೊಂದಕ್ಕೆ ಒಪ್ಪಿತು. ಫಾರ್ಮ್.ಡಿ ಎಂಬ ಆರು ವರ್ಷದ ಫಾರ್ಮಸಿ ಪದವಿ ಮುಗಿಸಿದವರಿಗೆ ಹೊರರೋಗಿ ವಿಭಾಗದಲ್ಲಿ ಒಂದು ವರ್ಷದ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲೇ ಇದ್ದು ರೋಗಿಗಳ ನಡುವೆ ಕಲಿಯುವ ಹೆಚ್ಚಿನ ತರಬೇತಿ. ಅರ್ಜಿ ಹಾಕಿದವರಲ್ಲಿ ಕೊನೆಗೆ ಉಳಿದದ್ದು ಒಬ್ಬಳೇ, ಬ್ರಹ್ಮಾವರದ ಪ್ರತಿಮಾ. ಚುರುಕು ಹುಡುಗಿ. ದಿನಾ ಬಸ್ಸಿನಲ್ಲಿ ನಿಂತೇ ಬಂದು, ನಿಂತೇ ಹೋಗುತ್ತಿದ್ದಳು.

ಅವಳಿಗೆ ನಾನು ವಹಿಸಿದ್ದು ವಾರ್ಫರಿನ್ ಕ್ಲಿನಿಕ್. ಹೃದಯಕ್ಕೆ ಲೋಹದ ಕವಾಟ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ಬದುಕಿಡೀ ವಾರ್ಫರಿನ್ ಮಾತ್ರೆ ನುಂಗಬೇಕು. ಅದರ ಪರಿಣಾಮವನ್ನು ಅಳೆಯುವ ರಕ್ತಪರೀಕ್ಷೆಗೆ ಐ.ಎನ್.ಆರ್. ಎನ್ನುತ್ತಾರೆ. ಇಂಥವರಲ್ಲಿ ಅದು ಎರಡೂವರೆಯಿಂದ ಮೂರೂವರೆಯೊಳಗೆ ಇರಬೇಕು. ಇಳಿದರೆ ಕವಾಟದ ಮೇಲೆ ರಕ್ತ ಗಟ್ಟಿಯಾಗಿ ಪ್ರಾಣಕ್ಕೆ ಬರುತ್ತದೆ. ಏರಿದರೆ ಎಲ್ಲೆಂದರಲ್ಲಿ ರಕ್ತ ಸೋರುತ್ತದೆ.

ರೋಗಿಗಳು ಮೊದಲು ಪ್ರತಿಮಾಳ ಕೋಣೆಗೆ ಬಂದು ಪರೀಕ್ಷೆಯ ಫಲಿತಾಂಶ ತೋರಿಸಿ, ಊಟ, ಮಾತ್ರೆಗಳ ಬಗ್ಗೆ ಮಾತಾಡಬೇಕು. ಆಮೇಲೆ ಕಾರಿಡಾರಿನ ಆಚೆ ತುದಿಯಲ್ಲಿದ್ದ ಹಿರಿಯ ಫಿಜಿಷಿಯನ್ ಅವರನ್ನು ಕಾಣಬೇಕು. ಅವಳನ್ನು ಅವರ ಕೋಣೆಯಲ್ಲೇ ಕೂರಿಸಬೇಕೆಂದು ನಾನು ಕೇಳಿದ್ದೆ. ಅವರು ಒಳ್ಳೆಯ ವೈದ್ಯರು, ಕೆಟ್ಟ ಮನಸ್ಸಿನವರಲ್ಲ. ಆದರೆ ಬೆಂಚು ತುಂಬ ಜನ ಕಾಯುತ್ತಿದ್ದರು. "ಡೋಸ್ ನಾನು ನೋಡಿಕೊಳ್ಳುತ್ತೇನೆ, ನೀವು ಊಟ ನೋಡಿಕೊಳ್ಳಿ" ಎಂದು ಮಾತು ಮುಗಿಸಿದ್ದರು. ಮತ್ತೆ ಕೇಳುವ ಹುರುಪು ನನ್ನಲ್ಲಿ ಉಳಿದಿರಲಿಲ್ಲ.

ಆ ಕ್ಲಿನಿಕ್ಕಿಗೆ ಉಪ್ಪುಂದದಿಂದ ಬರುತ್ತಿದ್ದವರು ಗುಲಾಬಿ. ನಲವತ್ತು ದಾಟಿದ ಹೆಂಗಸು, ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುವವರು. ಚಿಕ್ಕಂದಿನ ಜ್ವರವೊಂದು ಹೃದಯದ ಕವಾಟವನ್ನು ಹಾಳು ಮಾಡಿತ್ತು. ಲೋಹದ ಕವಾಟ ಹಾಕಿಸಿಕೊಂಡು ಮತ್ತೆ ಬುಟ್ಟಿ ಎತ್ತಿದ್ದರು. ಜುಲೈ ತಿಂಗಳಲ್ಲಿ ಅವರ ಐ.ಎನ್.ಆರ್. 1.4ಕ್ಕೆ ಇಳಿಯಿತು. ಕೌಂಟರಿನವರು, ನರ್ಸು, ಲ್ಯಾಬಿನವನು ಎಲ್ಲರೂ ಮಾತ್ರೆ ತಪ್ಪಿಸಿದ್ದೀರಿ ಎಂದು ಗದರಿದರು.

"ದೇವ್ರಾಣಿ ಮಗಾ, ನಾನ್ ಒಂದ್ ದಿನವೂ ಬಿಡ್ಲಿಲ್ಲೆ" ಎಂದು ಗುಲಾಬಿ ಪ್ರತಿಮಾಳ ಮುಂದೆ ಕಣ್ಣೊರೆಸಿಕೊಂಡರು.

ಪ್ರತಿಮಾ ನಂಬಿದಳು. ನಿಧಾನವಾಗಿ ಊಟದ ಬಗ್ಗೆ ಕೇಳಿದಳು. ಮಳೆಗಾಲದಲ್ಲಿ ದೋಣಿ ಇಳಿಯುವುದಿಲ್ಲ, ಮನೆಯಲ್ಲಿ ಮೀನಿಲ್ಲ. ಹಿತ್ತಿಲ ಬಸಳೆ, ಹರಿವೆ, ಬೇಲಿಬದಿಯ ಚಗಟೆ ಸೊಪ್ಪು, ಇವೇ ಎರಡು ಹೊತ್ತಿನ ಪದಾರ್ಥ. ಸೊಪ್ಪಿನಲ್ಲಿರುವ ವಿಟಮಿನ್ ಕೆ ವಾರ್ಫರಿನ್ನಿನ ಕೆಲಸಕ್ಕೆ ಅಡ್ಡ ಬರುತ್ತದೆ. ಕಾರಣ ಸಿಕ್ಕಿತೆಂದು ಅವಳಿಗೆ ಸಂತೋಷವಾಯಿತು. ಸದ್ಯ ಸೊಪ್ಪು ಬಿಡಿ ಎಂದು ಹೇಳಿ ಕಳಿಸಿದಳು. ಸಂಜೆ ಇದನ್ನು ನನಗೆ ಹೇಳುವಾಗ ಅವಳ ಮುಖದಲ್ಲಿ ಇದ್ದ ಬೆಳಕನ್ನು ನೋಡಿ, ಈ ತರಬೇತಿ ನೆಲೆಯೂರಬಹುದು ಎಂದು ನನಗೂ ಅನ್ನಿಸಿತ್ತು.

ಎರಡು ವಾರಕ್ಕೆ ಮತ್ತೆ ಪರೀಕ್ಷೆಗೆ ಬರಲು ಹೇಳಲಾಗಿತ್ತು. ಅಷ್ಟರಲ್ಲಿ ಆಗಸ್ಟ್ ಬಂತು, ಮೀನುಗಾರಿಕೆ ಶುರುವಾಯಿತು. ಗುಲಾಬಿ ಬರಲಿಲ್ಲ. ಪ್ರತಿಮಾ ಎರಡು ಸಲ ಫೋನ್ ಮಾಡಿದಳು. ಬುಟ್ಟಿ ಹೊತ್ತು ಹೋದವರು ಫೋನನ್ನು ಮನೆಯಲ್ಲಿ ಬಿಟ್ಟಿದ್ದರು.

ಅವರು ಬಂದದ್ದು ಗಂಡನ ಹೆಗಲು ಹಿಡಿದುಕೊಂಡು. ಒಸಡಿನಿಂದ ರಕ್ತ ನಿಲ್ಲುತ್ತಿರಲಿಲ್ಲ. ಬುಟ್ಟಿ ಇಳಿಸುವಾಗ ತಾಗಿ ತೊಡೆಯ ತುಂಬ ನೀಲಿಗಟ್ಟಿತ್ತು. ಮಲ ಕಪ್ಪಾಗಿ ಹೋಗುತ್ತಿದೆ ಎಂದು ಗಂಡ ತಗ್ಗಿದ ದನಿಯಲ್ಲಿ ಹೇಳಿದ. ಐ.ಎನ್.ಆರ್. ಎಂಟು ದಾಟಿತ್ತು.

ಕೂಡಲೇ ದಾಖಲು ಮಾಡಿದರು. ನಾವು ಮೂವರೂ, ಅಂದರೆ ಡಾಕ್ಟರು, ನಾನು, ಪ್ರತಿಮಾ, ಮಂಚದ ಸುತ್ತ ನಿಂತಿದ್ದೆವು. ಇಷ್ಟು ಏರಿದ್ದು ಹೇಗೆಂದು ಡಾಕ್ಟರು ಕೇಳಿದರು. ಮಾತ್ರೆ ಎರಡೆರಡು ನುಂಗಿದಿರೇನು ಎಂದು ನರ್ಸ್ ನಡುವೆ ಬಾಯಿ ಹಾಕಿದಳು. ಗುಲಾಬಿ ಬಾಯಿಗೆ ಒತ್ತಿದ್ದ ಹತ್ತಿಯನ್ನು ತೆಗೆದರು.

"ಈ ಹೆಣ್ ಸೊಪ್ ತಿಂಬುದ್ ಬ್ಯಾಡ ಅಂತು. ನಾನ್ ಬಿಟ್ಟೆ. ಆಚಿ ಕೋಣಿಯಂಗೆ ಡಾಕ್ಟ್ರ್ ಮಾತ್ರೆ ಜಾಸ್ತಿ ಮಾಡ್ರ್. ಅದನ್ನೂ ತಿಂದೆ. ಇಬ್ರ್ ಹೇಳದ್ದೂ ಮಾಡ್ದೆ. ಇದ್ರಂಗೆ ನನ್ ತಪ್ಪ್ ಎಂತ?"

ಡಾಕ್ಟರು ಜುಲೈ ತಿಂಗಳ ಚೀಟಿ ತೆಗೆದು ನೋಡಿದರು. ಆ ದಿನ ಪ್ರತಿಮಾ ಸೊಪ್ಪು ಬಿಡಿಸಿ ಕಳಿಸಿದ ಸ್ವಲ್ಪ ಹೊತ್ತಿನಲ್ಲೇ ಡಾಕ್ಟರು 1.4 ನೋಡಿ ಮಾತ್ರೆಯನ್ನು ದಿನಕ್ಕೆ ಮೂರು ಮಿಲಿಗ್ರಾಮಿನಿಂದ ನಾಲ್ಕಕ್ಕೆ ಏರಿಸಿದ್ದರು. ಬೇರೆ ಬೇರೆಯಾಗಿ ನೋಡಿದರೆ ಎರಡಕ್ಕೂ ಕಾರಣವಿತ್ತು. ಒಂದೇ ದೇಹದಲ್ಲಿ ಎರಡೂ ಸೇರಿ ರಕ್ತ ನೀರಾಗಿತ್ತು. ಗದರಿಸಿಕೊಂಡ ಹೆಂಗಸು ಈ ಸಲ ಯಾರೂ ಬೆರಳು ತೋರಿಸಬಾರದೆಂದು, ಮರುಪರೀಕ್ಷೆಗೆ ಬರುವುದೊಂದನ್ನು ಬಿಟ್ಟು, ಊಟ, ಮಾತ್ರೆಯ ಪ್ರತಿ ಮಾತನ್ನೂ ಪಾಲಿಸಿದ್ದರು.

"ಸೊಪ್ಪು ಬಿಡಿಸಿದ್ದನ್ನು ನನಗೆ ಯಾಕೆ ಹೇಳಲಿಲ್ಲ?" ಡಾಕ್ಟರು ಕೇಳಿದರು.

"ನೀವು ಡೋಸ್ ಏರಿಸಿದ್ದು ನನಗೂ ಗೊತ್ತಿರಲಿಲ್ಲ ಸರ್" ಎಂದಳು ಪ್ರತಿಮಾ.

ಮುಂದಿನದು ಇನ್ನೂ ಕಷ್ಟದ ಕೆಲಸ. ಸೋರುವ ರಕ್ತವನ್ನು ಹಿಡಿಯಲು ವಿಟಮಿನ್ ಕೆಯನ್ನೇ ಔಷಧಿಯಾಗಿ ಕೊಡುತ್ತಾರೆ. ಆದರೆ ಲೋಹದ ಕವಾಟ ಇರುವವರಿಗೆ ಅದು ಸ್ವಲ್ಪ ಹೆಚ್ಚಾದರೂ ಕವಾಟವೇ ಕಟ್ಟಿಕೊಳ್ಳಬಹುದು. ವಾರ್ಫರಿನ್ ನಿಲ್ಲಿಸಿ, ಬಾಯಿಯ ಮೂಲಕ ತೀರಾ ಸಣ್ಣ ಡೋಸ್ ಕೊಟ್ಟು ಕಾಯುವುದೆಂದು ಡಾಕ್ಟರು ನಿರ್ಧರಿಸಿದರು. ಎಷ್ಟು ಎಂಬುದನ್ನು ಬರೆಯುವ ಮೊದಲು ನನ್ನ ಕಡೆ ನೋಡಿದರು. ನಾನು ಪ್ರತಿಮಾಳ ಕಡೆ ನೋಡಿದೆ. ಅವಳು ಮೆಲ್ಲಗೆ ಹೇಳಿದ ಪ್ರಮಾಣವನ್ನೇ ಅವರು ಬರೆದರು.

ಆ ಸಂಜೆ ಅವಳು ನನ್ನ ಮೇಜಿನ ಎದುರು ಬಂದು ನಿಂತಳು. ಬ್ಯಾಗು ಹೆಗಲಲ್ಲೇ ಇತ್ತು.

"ಸರ್, ನಾನಿನ್ನು ಬಪ್ಪುದಿಲ್ಲೆ. ನಂಗೆ ಇದು ಆತಿಲ್ಲೆ."

ಅವಳಷ್ಟೇ ನಾನೂ ದಣಿದಿದ್ದೆ. "ಹೋಗುವುದಾದರೆ ಹೋಗು. ಗುಲಾಬಿ ಮನೆಗೆ ಹೋದ ಮೇಲೆ ಹೋಗು" ಎಂದಷ್ಟೇ ಹೇಳಿದೆ.

ಅವಳು ಮರುದಿನ ಬಂದಳು. ವಾರ್ಡಿನಲ್ಲಿ ಗುಲಾಬಿಯ ಪಕ್ಕ ಸ್ಟೂಲು ಹಾಕಿಕೊಂಡು ಕುಳಿತಳು. ಮೊದಲ ದಿನ ಗುಲಾಬಿ ಗೋಡೆಯ ಕಡೆ ತಿರುಗಿಯೇ ಮಲಗಿದ್ದರು. ಪ್ರತಿಮಾ ತಾನಾಗಿ, ನಾನೂ ಡಾಕ್ಟರೂ ಒಬ್ಬರನ್ನೊಬ್ಬರು ಕೇಳದೆ ಹೀಗಾಯಿತು, ನಿಮ್ಮ ತಪ್ಪು ಏನೂ ಇಲ್ಲ ಎಂದು ಹೇಳಿದಳು. ಆಮೇಲೆಯೇ ಆಕೆ ಈಚೆ ತಿರುಗಿದ್ದು.

"ಸೊಪ್ ತಿನ್ಕಾ ಬ್ಯಾಡ್ದಾ, ಎಲ್ಲರೂ ಸೇರಿ ಒಂದೇ ಮಾತ್ ಹೇಳಿ ಮಗಾ. ನಾನ್ ಹಾಂಗೇ ಮಾಡ್ತೆ" ಎಂದರಂತೆ.

ರಕ್ತ ನಿಂತಿತು. ಐ.ಎನ್.ಆರ್. ಮೆಲ್ಲಗೆ ಇಳಿಯಿತು. ಇಳಿಯುವಾಗಲೂ ಕವಾಟದ ಭಯ ಇದ್ದೇ ಇತ್ತು. ಡಾಕ್ಟರು ದಿನಾ ಸ್ಟೆತಸ್ಕೋಪ್ ಇಟ್ಟು ಕವಾಟದ ಟಿಕ್ ಟಿಕ್ ಸದ್ದನ್ನು ಬಹಳ ಹೊತ್ತು ಕೇಳುತ್ತಿದ್ದರು. ಗುಲಾಬಿಯನ್ನು ಮನೆಗೆ ಕಳಿಸಿದ ದಿನ ಅವರು ಕಾರಿಡಾರಿನಲ್ಲಿ ಪ್ರತಿಮಾಳನ್ನು ತಡೆದು, "ನಾಳೆಯಿಂದ ನಿನ್ನ ಕುರ್ಚಿ ತೆಗೆದುಕೊಂಡು ನನ್ನ ಕೋಣೆಗೆ ಬಾ" ಎಂದರು. ಅವಳು ನನ್ನನ್ನು ನೋಡಿದಳು. ವರ್ಷಗಟ್ಟಲೆ ನಾನು ಕೇಳಿ ಸಿಗದ ಜಾಗ ಒಬ್ಬ ಹೆಂಗಸಿನ ರಕ್ತ ಹೋದ ಮೇಲೆ ಸಿಕ್ಕಿತ್ತು. ಸಂತೋಷ ಪಡುವುದು ಹೇಗೆಂದು ತಿಳಿಯಲಿಲ್ಲ.

ಪ್ರತಿಮಾ ವರ್ಷ ಪೂರ್ತಿ ಮುಗಿಸಿದಳು. ಗುಲಾಬಿಗೆ ಸೊಪ್ಪು ಬಿಡಬೇಡಿ, ಮಳೆ ಬರಲಿ ಬಿಸಿಲಿರಲಿ ವಾರವಾರವೂ ಹೆಚ್ಚುಕಡಿಮೆ ಒಂದೇ ಹದದಲ್ಲಿ ತಿನ್ನಿ, ಬದಲಾಗುವುದಾದರೆ ಮೊದಲು ನಮಗೆ ಹೇಳಿ ಎಂದು ಡಾಕ್ಟರು ಮತ್ತು ಅವಳು ಒಂದೇ ಮೇಜಿನಲ್ಲಿ ಕುಳಿತು ಹೇಳಿದರು. ಆ ಮಾತು ಡಾಕ್ಟರ ಚೀಟಿಯಲ್ಲೂ ಮಾತ್ರೆಯ ಹೆಸರಿನ ಕೆಳಗೆ ಬರುವಂತಾಯಿತು. ನಂತರ ಇನ್ನಿಬ್ಬರು ಬಂದು ಕಲಿತು ಹೋದರು. ಅಷ್ಟಕ್ಕೇ ಆಡಳಿತ ರೆಸಿಡೆನ್ಸಿಯನ್ನು ನಿಲ್ಲಿಸಿತು. ಪ್ರತಿಮಾ ಈಗ ಮೈಸೂರಿನಲ್ಲಿ ಪಾಠ ಮಾಡುತ್ತಾಳೆ.

ಔಷಧಿಗೆ ಡೋಸ್ ಇರುತ್ತದೆ ಎಂಬುದು ನಮ್ಮ ಓದಿನ ಮೊದಲ ಪಾಠ. ರೋಗಿಗೆ ನಾವು ಹೇಳುವ ಮಾತಿಗೂ ಡೋಸ್ ಇರುತ್ತದೆ, ಅದೂ ಮಾತ್ರೆಯ ಹಾಗೆಯೇ ರಕ್ತಕ್ಕೆ ಇಳಿಯುತ್ತದೆ, ಅದನ್ನು ಕೊಟ್ಟವರು ಇನ್ನೊಬ್ಬರಿಗೆ ತಿಳಿಸಲೇಬೇಕು ಎಂಬುದನ್ನು ಮಾತ್ರ ನನಗೆ ಯಾವ ಪರೀಕ್ಷೆಯಲ್ಲೂ ಕೇಳಲಿಲ್ಲ. ನಮ್ಮ ಮಾತನ್ನು ಕೇಳದ ರೋಗಿಗಳ ಬಗ್ಗೆ ನಾವು ಬಹಳ ದೂರುತ್ತೇವೆ. ಕೆಲಸದ ಕೊನೆಯ ವರ್ಷಗಳಲ್ಲಿ ನನಗೆ ಹೆಚ್ಚು ಭಯವಾಗುತ್ತಿದ್ದದ್ದು, ನಾವು ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡುವವರನ್ನು ಕಂಡಾಗ.